ಇಷ್ಟೊಂದು ಜೇನುತುಪ್ಪ ಇಟ್ಟರೆ ಕೆಡಲ್ವಾ?

ದಾವಣಗೆರೆಯ ನಮ್ಮ ಮನೆಗೆ ಬಂದವರು ಅಡುಗೆಮನೆ ಪಕ್ಕದ ಸಾಮಾನು ಕೋಣೆಗೆ ಒಮ್ಮೆ ಇಣುಕಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಏನ್ರೀ ಅಕ್ಕಾ, ಇಷ್ಟೊಂದು ಜೇನುತುಪ್ಪ! ಇಟ್ಟರೆ ಕೆಡಲ್ವಾ?" ವರ್ಷಕ್ಕಾಗುವಷ್ಟು ಜೋಳ, ತೊಗರಿಬೇಳೆ, ಹುಣಸೆಹಣ್ಣು, ಒಣಮೆಣಸಿನಕಾಯಿ ತುಂಬಿಸಿಟ್ಟರೆ ನಮ್ಮೂರಲ್ಲಿ ಯಾರೂ ಏನೂ ಕೇಳುವುದಿಲ್ಲ. ಜೇನುತುಪ್ಪ ಕಂಡಾಗ ಮಾತ್ರ ಅನುಮಾನ.

ನಾವು ಮನೆಯಲ್ಲಿ ಐದು ಜನ. ಬೆಳಿಗ್ಗೆ ನಿಂಬೆರಸದ ಜೊತೆ, ಮಕ್ಕಳಿಗೆ ಚಪಾತಿ ಜೊತೆ, ಕೆಮ್ಮು ಬಂದಾಗ ಶುಂಠಿ ರಸದ ಜೊತೆ, ಶ್ರಾವಣ ಸೋಮವಾರಗಳಲ್ಲಿ ಪಂಚಾಮೃತಕ್ಕೆ ಅಂತ ತಿಂಗಳಿಗೆ ಸುಮಾರು ಒಂದು ಕೆಜಿ ಖರ್ಚಾಗುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, 14 ಕೆಜಿ ತರುತ್ತೇನೆ. 5 ಲೀಟರಿನ ಎರಡು ಕ್ಯಾನ್.

ಕೆಡುವುದಿಲ್ಲ ಅನ್ನುವುದು ನನ್ನ ಉತ್ತರ. ಆದರೆ ಅದಕ್ಕೊಂದು ಷರತ್ತು ಇದೆ. ಜೇನನ್ನು ಕೆಡಿಸುವುದು ನೀರು. ಆ ನೀರು ಬಹಳ ಸಲ ಮನೆಗೆ ಬರುವ ಮೊದಲೇ ಜೇನಿನೊಳಗೆ ಕೂತಿರುತ್ತದೆ. ಅದಕ್ಕೇ ಹೇಗೆ ಇಡಬೇಕು ಅಂತ ಕೇಳಿದವರಿಗೂ ನಾನು ಮೊದಲು ಹೇಗೆ ಕೊಳ್ಳಬೇಕು ಅಂತಲೇ ಹೇಳುತ್ತೇನೆ.

ಇದನ್ನು ಕಲಿತದ್ದು ನಷ್ಟ ಮಾಡಿಕೊಂಡು. ಮೊದಲ ಸಲ ಒಟ್ಟಿಗೆ ತಂದಾಗ ಮಳೆಗಾಲ. ಚಿತ್ರದುರ್ಗದಿಂದ ಬರುವಾಗ ಹೆದ್ದಾರಿ ಬದಿಯಲ್ಲಿ ಒಬ್ಬರು ಬಕೆಟ್ ಇಟ್ಟುಕೊಂಡು ಕೂತಿದ್ದರು. ಬಕೆಟ್ ಮೇಲೆ ಎರಿ, ಅಂದರೆ ಜೇನುಗೂಡಿನ ಮೇಣದ ತುಂಡು, ಇತ್ತು. ಎರಿ ಕಂಡದ್ದೇ ನಂಬಿ 10 ಕೆಜಿ ತಗೊಂಡೆ. ಮನೆಗೆ ತಂದು ಸಜ್ಜಾ ಮೇಲೆ ಇಟ್ಟೆ. ಮೂರು ವಾರ ಆಗಿರಬೇಕು, ಒಂದು ರಾತ್ರಿ ಟಪ್ ಅಂತ ಸದ್ದು. ಕ್ಯಾನ್ ಉಬ್ಬಿ ಮುಚ್ಚಳ ಹಾರಿತ್ತು. ಸಜ್ಜಾದಿಂದ ಗೋಡೆ ಮೇಲೆಲ್ಲ ನೊರೆ ಇಳಿದಿತ್ತು. ವಾಸನೆ ನೋಡಿದರೆ ಸೇಂದಿ. ಅತ್ತೆ ಒಂದು ಮಾತೂ ಆಡದೆ ಗೋಡೆ ಒರೆಸಲು ಬಂದರು. ನನಗೆ ದುಡ್ಡಿಗಿಂತ ಜಾಸ್ತಿ ನೋವಾದದ್ದು, ಹುಳಗಳ ಅಷ್ಟು ದುಡಿಮೆ ಚರಂಡಿಗೆ ಹೋಯಿತಲ್ಲ ಅಂತ.

ಆಮೇಲೆ ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ತುಡುವೆ ಜೇನುಹುಳದ ಪೆಟ್ಟಿಗೆ ಇಟ್ಟಿರುವ ಒಬ್ಬ ಹಿರಿಯರು ಕಾರಣ ತಿಳಿಸಿದರು. ಹೂವಿನ ಮಕರಂದದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಹುಳಗಳು ಅದನ್ನು ಎರಿಯಲ್ಲಿ ತುಂಬಿ, ರೆಕ್ಕೆಯಿಂದ ಗಾಳಿ ಬೀಸಿ ಬೀಸಿ ಒಣಗಿಸುತ್ತವೆ. ನೀರು 100ಕ್ಕೆ 20ರ ಒಳಗೆ ಇಳಿದಾಗ ಕೋಣೆಯ ಬಾಯಿಗೆ ಮೇಣದ ಮುಚ್ಚಳ ಹಾಕುತ್ತವೆ. ಅದು ಪಕ್ವವಾದ ಜೇನು. ಮುಚ್ಚಳ ಹಾಕುವ ಮೊದಲೇ ಕಿತ್ತರೆ, ಇಲ್ಲವೇ ಮರಿಹುಳ ಸಮೇತ ಎರಿಯನ್ನೇ ಹಿಂಡಿದರೆ, ನೀರು ಉಳಿದುಬಿಡುತ್ತದೆ. ಜೇನಿನಲ್ಲಿ ಯೀಸ್ಟ್ ಯಾವಾಗಲೂ ಇರುತ್ತದೆ. ನೀರು ಕಡಿಮೆ ಇದ್ದಷ್ಟು ದಿನ ಅದು ಸುಮ್ಮನೆ ಮಲಗಿರುತ್ತದೆ. ನೀರು ಸಿಕ್ಕಿತೋ, ದೋಸೆ ಹಿಟ್ಟು ಉಬ್ಬುವ ಹಾಗೆ ಜೇನೂ ಉಬ್ಬುತ್ತದೆ.

ಅಂದರೆ ನಾನು ತಂದದ್ದು ನಕಲಿ ಆಗಿರಬೇಕು ಅಂತೇನಿಲ್ಲ. ಅಪ್ಪಟ ಜೇನೂ ಹೀಗೆ ಉಬ್ಬಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಜೇನಿನಲ್ಲಿ ನೀರು ಶೇ 20 ದಾಟಬಾರದು. ವರ್ಷ ಇಡುವವರಿಗೆ ಶೇ 18ರ ಒಳಗಿದ್ದರೆ ನಿಶ್ಚಿಂತೆ. ಮನೆಯಲ್ಲಿ ಅಳೆಯುವುದು ಹೇಗೆ? ಹೊಳಲ್ಕೆರೆಯ ಹಿರಿಯರ ಹತ್ತಿರ ರಿಫ್ರಾಕ್ಟೋಮೀಟರ್ ಅಂತ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಕೊಳವೆ ಇದೆ. ಗಾಜಿನ ಮೇಲೆ ಒಂದು ಹನಿ ಜೇನು ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಅಂಕಿ ಕಾಣುತ್ತದೆ. ಅದಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ಒಂದು ಖಾಲಿ ಬಾಟಲಿಗೆ ಗುರುತು ಹಾಕಿ, ಅಲ್ಲಿಯವರೆಗೆ ನೀರು ತುಂಬಿ ತೂಗಿ. ಬಾಟಲಿಯ ತೂಕ ಕಳೆಯಿರಿ. ಪೂರ್ತಿ ಒಣಗಿಸಿ, ಅದೇ ಗುರುತಿನವರೆಗೆ ಜೇನು ತುಂಬಿ ತೂಗಿ. ನೀರು 500 ಗ್ರಾಂ ಹಿಡಿದ ಬಾಟಲಿ ಜೇನನ್ನು ಸುಮಾರು 710 ಗ್ರಾಂ ಹಿಡಿಯಬೇಕು. ಒಂದೈದು ಗ್ರಾಂ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 700ಕ್ಕೆ ಇಳಿದರೆ ನೀರು ಜಾಸ್ತಿ, ದೊಡ್ಡ ಕ್ಯಾನ್ ತಗೋಬೇಡಿ. ನಾನು ಈಗಲೂ ಮೊದಲು ಒಂದು ಬಾಟಲಿ ತಂದು ತೂಗಿ, ಆಮೇಲೆ ಕ್ಯಾನ್‌ಗೆ ಹೇಳುವುದು.

ಈ ಲೆಕ್ಕ ಬೆಲೆ ಕೇಳುವಾಗಲೂ ಬೇಕು. ಒಬ್ಬರು ಕೆಜಿಗೆ 500 ರೂಪಾಯಿ ಅಂದರು, ಇನ್ನೊಬ್ಬರು ಲೀಟರಿಗೆ 600 ಅಂದರು ಅಂತಿಟ್ಟುಕೊಳ್ಳಿ. ಎರಡನೆಯದೇ ಅಗ್ಗ. ಒಂದು ಲೀಟರ್ ಅಂದರೆ ಸುಮಾರು 1.4 ಕೆಜಿ ಜೇನು. ಹಾಲು, ಎಣ್ಣೆ ಕೊಂಡ ಅಭ್ಯಾಸದಲ್ಲಿ ಲೀಟರ್, ಕೆಜಿ ಎರಡೂ ಒಂದೇ ಅಂದುಕೊಂಡುಬಿಡುತ್ತೇವೆ.

ಆದರೆ ತೂಕ ನೀರಿನ ವಿಷಯ ಮಾತ್ರ ಹೇಳುತ್ತದೆ. ಗಟ್ಟಿ ಸಕ್ಕರೆ ಪಾಕವೂ ಅಷ್ಟೇ ತೂಗುತ್ತದೆ. ಹಾಗಾದರೆ ಅಪ್ಪಟ ಜೇನು ಯಾವುದು ಅಂತ ಹೇಗೆ ತಿಳಿಯುವುದು? ನೀರಿಗೆ ಹಾಕಿದರೆ ನೇರ ತಳಕ್ಕೆ ಹೋಗಬೇಕು, ಬತ್ತಿಗೆ ಹಚ್ಚಿದರೆ ಉರಿಯಬೇಕು, ನಾಯಿ ಮೂಸಬಾರದು, ಇರುವೆ ಮುತ್ತಬಾರದು ಅಂತ ಹೇಳುವವರಿದ್ದಾರೆ. ಇವು ಯಾವುವನ್ನೂ ನಂಬಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಗಟ್ಟಿ ಪಾಕವೂ ತಳಕ್ಕೆ ಹೋಗುತ್ತದೆ. ಅಪ್ಪಟ ಜೇನಿಗೂ ಇರುವೆ ಬರುತ್ತದೆ, ನಮ್ಮ ಮನೆಯಲ್ಲೇ ಬರುತ್ತದೆ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್‌ಮೆಂಟ್ 2020ರಲ್ಲಿ 13 ಬ್ರಾಂಡ್‌ಗಳ ಜೇನನ್ನು ಪರೀಕ್ಷೆಗೆ ಕಳಿಸಿತ್ತು. ಜರ್ಮನಿಯಲ್ಲಿ ನಡೆದ, ಕಲಬೆರಕೆ ಹಿಡಿಯುವ ಎನ್‌ಎಂಆರ್ ಪರೀಕ್ಷೆಯಲ್ಲಿ 10 ಬ್ರಾಂಡ್ ಪಾಸಾಗಲಿಲ್ಲ. ಕಂಪನಿಗಳು ಅದನ್ನು ಒಪ್ಪಲಿಲ್ಲ. ಅದೇನೇ ಇರಲಿ, ಅಷ್ಟು ದೊಡ್ಡ ಯಂತ್ರ ಬೇಕಾಗುವ ಕೆಲಸವನ್ನು ಒಂದು ಲೋಟ ನೀರು ಮಾಡಲಾರದು ಅಲ್ವಾ?

ನನ್ನ ದಾರಿ ಬೇರೆ. ಪೆಟ್ಟಿಗೆ ಎಲ್ಲಿಟ್ಟಿದ್ದಾರೆ ಅಂತ ಹೋಗಿ ನೋಡುತ್ತೇನೆ. ಸುತ್ತ ಯಾವ ಹೂವಿದೆ, ಯಾವಾಗ ತೆಗೆದರು, ಮೇಣ ಮುಚ್ಚಿದ ಎರಿಯಿಂದ ತೆಗೆದರಾ, ಯಂತ್ರದಲ್ಲಿ ತಿರುಗಿಸಿದರಾ ಇಲ್ಲ ಹಿಂಡಿದರಾ ಅಂತ ಕೇಳುತ್ತೇನೆ. ಹುಳ ಸಾಕುವವರಿಗೆ ಈ ಪ್ರಶ್ನೆ ಕೇಳಿದರೆ ಖುಷಿಯೇ ಆಗುತ್ತದೆ. ಚಹಾ ಕೊಟ್ಟು ಕೂರಿಸಿ ಹೇಳುತ್ತಾರೆ. ಯುಗಾದಿ ಆಚೀಚೆ ನಮ್ಮ ಕಡೆ ಹೊಂಗೆ, ಬೇವು ಹೂ ಬಿಡುತ್ತವೆ. ಆ ಹೂವಿನ ಜೇನು ಒಣ ಹವೆಯಲ್ಲಿ ಚೆನ್ನಾಗಿ ಪಕ್ವವಾಗಿರುತ್ತದೆ. ಮೇ ತಿಂಗಳಲ್ಲೇ ಕೊಳ್ಳುವುದು ಅದಕ್ಕೇ. ಮಳೆ ಹಿಡಿದ ಮೇಲೆ ತೆಗೆದ ಜೇನನ್ನು ನಾನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದಿಲ್ಲ. ಚುಚ್ಚದ ಸಣ್ಣ ಹುಳ ಮುಜಂಟಿಯ ಜೇನೂ ಅಷ್ಟೇ. ಅದರಲ್ಲಿ ನೀರು ಸಹಜವಾಗಿಯೇ ಜಾಸ್ತಿ. ಸಣ್ಣ ಬಾಟಲಿ ತಂದು ಬೇಗ ಮುಗಿಸಬೇಕು.

ಇನ್ನು ಇಡುವ ವಿಷಯ. ಕ್ಯಾನ್ ಮನೆಗೆ ಬಂದ ಮೇಲೆ ಎರಡು ದಿನ ಅಲ್ಲಾಡಿಸದೆ ಬಿಡಿ. ಮೇಣದ ಚೂರು, ಗಾಳಿಗುಳ್ಳೆ ಮೇಲೆ ಬಂದು ಬಿಳಿ ನೊರೆಯ ಹಾಗೆ ನಿಲ್ಲುತ್ತವೆ. ಅದನ್ನು ಕಂಡು ಗಾಬರಿ ಬೇಡ. ಒಮ್ಮೆ ತೆಗೆದರೆ ಮತ್ತೆ ಬರುವುದಿಲ್ಲ. ತೆಗೆದಷ್ಟೂ ಬರುತ್ತಿದ್ದರೆ, ಹುಳಿ ವಾಸನೆ ಇದ್ದರೆ, ಆಗ ಯೋಚನೆ ಮಾಡಬೇಕು.

ಆಮೇಲೆ ಗಾಜಿನ ಅಗಲ ಬಾಯಿಯ ಬಾಟಲಿಗಳಿಗೆ ಸುರಿದು ತುಂಬಿಡಿ. ಸ್ಟೀಲ್ ಡಬ್ಬಿ, ಪಿಂಗಾಣಿ ಭರಣಿಯೂ ಆಗುತ್ತದೆ. ಹಿತ್ತಾಳೆ, ತಾಮ್ರ, ಕಬ್ಬಿಣ ಬೇಡವೇ ಬೇಡ. ಜೇನು ಸಿಹಿಯಾದರೂ ಒಳಗೆ ಹುಳಿ ಗುಣದ್ದು, ಲೋಹವನ್ನು ತಿನ್ನುತ್ತದೆ. ಬಾಟಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿರಲಿ, ಒಂದು ಹನಿ ನೀರೂ ಇರಬಾರದು. ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಜೇನು ಉಪ್ಪಿನ ಹಾಗೆ, ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ದಿನಬಳಕೆಗೆ ಒಂದೇ ಒಂದು ಸಣ್ಣ ಬಾಟಲಿ ಹೊರಗಿಡಿ. ಉಳಿದದ್ದರ ಮುಚ್ಚಳ ಮುಟ್ಟಬೇಡಿ. ಒದ್ದೆ ಚಮಚ ಹಾಕುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಹಾಕಿದರೂ ಆ ಸಣ್ಣ ಬಾಟಲಿ ಮಾತ್ರ ಹಾಳಾಗುತ್ತದೆ. ಇರುವೆಗೆ ತಟ್ಟೆಯಲ್ಲಿ ನೀರು ಹಾಕಿ ನಡುವೆ ಬಾಟಲಿ ಇಟ್ಟರೆ ಸಾಕು.

ಸಜ್ಜಾ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ದಾವಣಗೆರೆ 38 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಕೆಳಗಿನ ಸಜ್ಜಾ ಇನ್ನೂ ಕಾಯುತ್ತದೆ. ತಿಂಗಳುಗಟ್ಟಲೆ ಬಿಸಿಯಲ್ಲಿದ್ದ ಜೇನು ಕಪ್ಪಾಗುತ್ತದೆ, ಹೂವಿನ ಪರಿಮಳ ಹೋಗುತ್ತದೆ. ಎಚ್‌ಎಂಎಫ್ ಅನ್ನುವ ಒಂದು ರಾಸಾಯನಿಕ ಅದರಲ್ಲಿ ಏರುತ್ತಾ ಹೋಗುತ್ತದೆ. ನಮ್ಮ ದೇಶದ ನಿಯಮ ಅದಕ್ಕೆ ಕೆಜಿಗೆ 80 ಮಿಲಿಗ್ರಾಂ ಮಿತಿ ಹಾಕಿದೆ. ನೆಲಕ್ಕೆ ಹತ್ತಿರದ, ಕತ್ತಲೆ ಇರುವ, ಒಲೆಯಿಂದ ದೂರದ ಕಪಾಟು ಒಳ್ಳೆಯದು. ನಮ್ಮಲ್ಲಿ ಜೋಳದ ಡಬ್ಬಿಗಳ ಕೆಳಗಿನ ಅಂಕಣದಲ್ಲಿದೆ. ಕೆಡದಿದ್ದರೂ ಪರಿಮಳ ಇಳಿಯುತ್ತದೆ ಅಂತಲೇ ಒಂದು ವರ್ಷಕ್ಕಿಂತ ಜಾಸ್ತಿಗೆ ನಾನು ಕೊಳ್ಳುವುದಿಲ್ಲ.

ಎಲ್ಲರನ್ನೂ ಹೆದರಿಸುವುದು ಡಿಸೆಂಬರ್. "ಅಕ್ಕಾ, ಜೇನು ಸಕ್ಕರೆ ಆಗಿದೆ, ಮೋಸ ಮಾಡಿದಾರೆ ನೋಡ್ರಿ" ಅಂತ ಫೋನ್ ಬರುತ್ತದೆ. ಇಲ್ಲಮ್ಮ, ಮೋಸ ಅಲ್ಲ. ಜೇನಿನಲ್ಲಿ ಮುಖ್ಯವಾಗಿ ಎರಡು ಸಕ್ಕರೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಗ್ಲೂಕೋಸ್ ತಣ್ಣಗಾದಾಗ ಹರಳುಗಟ್ಟುತ್ತದೆ. ಅದಕ್ಕೆ ಹೇಳಿ ಮಾಡಿಸಿದ ಹವೆ 14 ಡಿಗ್ರಿ. ನಮ್ಮ ಚಳಿಗಾಲದ ರಾತ್ರಿ ಅದರ ಹತ್ತಿರಕ್ಕೇ ಬರುತ್ತದೆ. ಅದರಲ್ಲೂ ಹಿರಿಯೂರು, ಚಳ್ಳಕೆರೆ ಕಡೆಯ ಸೂರ್ಯಕಾಂತಿ ಹೊಲದ ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ. ಕೆಲವೇ ವಾರದಲ್ಲಿ ಬೆಣ್ಣೆಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಅದರ ರುಚಿ ನನಗಂತೂ ಬಹಳ ಇಷ್ಟ, ಚಪಾತಿಗೆ ಸವರಲು ಅದೇ ಚೆಂದ. ಗ್ರಾಹಕರು ವಾಪಸ್ ಕೊಟ್ಟ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತ ಹುಳ ಸಾಕುವವರನ್ನು ನಾನು ಕಂಡಿದ್ದೇನೆ. ಪ್ರಾಮಾಣಿಕವಾಗಿ ಕಾಸದೆ ಕೊಟ್ಟದ್ದಕ್ಕೆ ಅವರಿಗೆ ಸಿಕ್ಕ ಹೆಸರು ಕಲಬೆರಕೆಯವರು ಅಂತ. ಇದು ಅನ್ಯಾಯ. ಹರಳಾಗದ ಜೇನೆಲ್ಲ ನಕಲಿ ಅಂತಲೂ ಅಲ್ಲ. ಫ್ರಕ್ಟೋಸ್ ಜಾಸ್ತಿ ಇರುವ ಜೇನು ಬಹಳ ದಿನ ತೆಳುವಾಗಿಯೇ ಇರುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ಕೆಳಗೆ ಹರಳು, ಮೇಲೆ ತೆಳು ಹೀಗೆ ಎರಡು ಪದರ ಆದರೆ, ಹರಳು ಬಿಟ್ಟುಕೊಟ್ಟ ನೀರೆಲ್ಲ ಮೇಲಿನ ಪದರದಲ್ಲಿರುತ್ತದೆ. ಹುಳಿ ಬರುವುದು ಅಲ್ಲಿಂದಲೇ. ಕರಗಿಸಿ, ಒಣ ಚಮಚದಲ್ಲಿ ಕಲಸಿ ಒಂದು ಮಾಡಿಬಿಡಿ. ಕರಗಿಸಲು ಬೋಗುಣಿಯ ತಳಕ್ಕೆ ಬಟ್ಟೆ ಹಾಕಿ, ಬೆರಳಿಟ್ಟರೆ ತಡೆಯುವಷ್ಟು ಬಿಸಿ, ಅಂದರೆ ಸುಮಾರು 45 ಡಿಗ್ರಿಯ ನೀರು ಹಾಕಿ, ಅದರೊಳಗೆ ಬಾಟಲಿ ನಿಲ್ಲಿಸಿ. ನೀರು ಮುಚ್ಚಳ ತಾಗಬಾರದು. ಆರಿದಂತೆ ನೀರು ಬದಲಿಸಿ. ಒಂದೆರಡು ಗಂಟೆ ಹಿಡಿಯುತ್ತದೆ, ಅವಸರ ಬೇಡ. ನೇರ ಒಲೆ ಮೇಲೆ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಜೇನು ಕಾಸಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ಇದಕ್ಕೂ ಹೊಂದುತ್ತದೆ. ಫ್ರಿಜ್‌ನಲ್ಲಿಟ್ಟರೆ ಲಾಭವೇನಿಲ್ಲ, ಕಲ್ಲಾಗುತ್ತದೆ ಅಷ್ಟೇ. ಕಿರಿದಾದ ಬಾಯಿಯ ಕ್ಯಾನ್‌ನಲ್ಲಿ 7 ಕೆಜಿ ಗಟ್ಟಿಯಾಗಿ ಕೂತರೆ ಹೊರಗೆ ತೆಗೆಯುವುದು ಎಷ್ಟು ಕಷ್ಟ ಅಂತ ಒಮ್ಮೆ ಅನುಭವಿಸಿದವರು ಅಗಲ ಬಾಯಿಯ ಬಾಟಲಿ ಬಿಡುವುದಿಲ್ಲ.

ಮನೆಯಲ್ಲಿ ಜೇನು ಧಾರಾಳವಾಗಿದ್ದಾಗ ಹೇಳಲೇಬೇಕಾದ ಮಾತು ಇನ್ನೊಂದಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬೇಡಿ. ಹುಟ್ಟಿದ ಕೂಸಿನ ನಾಲಿಗೆಗೆ ಹಚ್ಚುವುದು, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಕಡೆ ಇನ್ನೂ ಇದೆ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಕೂಸಿನ ಹೊಟ್ಟೆಗೆ ಆ ಶಕ್ತಿ ಬಂದಿರುವುದಿಲ್ಲ. ಎಷ್ಟೇ ಅಪ್ಪಟ ಜೇನಾದರೂ, ಎಷ್ಟೇ ಚೆನ್ನಾಗಿ ಇಟ್ಟಿದ್ದರೂ ಇದು ಬದಲಾಗುವುದಿಲ್ಲ. ಬಾಣಂತನಕ್ಕೆ ಮಗಳು ಬಂದಿದ್ದಾಳೆ ಅಂತ ಜೇನು ಕೇಳಿಕೊಂಡು ಬರುವ ನೆರೆಮನೆಯವರಿಗೆ, ಅವಳಿಗೆ ಕೊಡಿ, ಕೂಸಿಗೆ ಬೇಡ ಅಂತ ಹೇಳಿಯೇ ಬಾಟಲಿ ಕೊಡುತ್ತೇನೆ.

ಕ್ಯಾನ್ ಖಾಲಿಯಾದ ದಿನ ಅದಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಕುಲುಕಿ, ನಿಂಬೆಹಣ್ಣು ಹಿಂಡಿ ಪಾನಕ ಮಾಡುತ್ತೇನೆ. ಅದನ್ನು ಅವತ್ತೇ ಕುಡಿದು ಮುಗಿಸಬೇಕು, ನೀರು ಸೇರಿದ ಜೇನು ನಾಳೆಗೆ ಉಳಿಯುವುದಿಲ್ಲ. ತೊಳೆಯದ ಕ್ಯಾನನ್ನು ಹಿತ್ತಿಲಲ್ಲಿ ಎಸೆಯಬೇಡಿ. ಹುಳಗಳು ಮುತ್ತುತ್ತವೆ, ಒಂದು ಗೂಡಿನ ರೋಗ ಇನ್ನೊಂದಕ್ಕೆ ಹೀಗೇ ಹರಡುತ್ತದೆ. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಗೂಡುಗಳು ಲೆಕ್ಕವಿಲ್ಲದಷ್ಟು ನಾಶವಾದವು. ಹೊಳಲ್ಕೆರೆಯ ಹಿರಿಯರು ಆಗ ತಮ್ಮ ಪೆಟ್ಟಿಗೆಗಳೆಲ್ಲ ಖಾಲಿಯಾದದ್ದನ್ನು ಹೇಳುವಾಗ ಈಗಲೂ ದನಿ ತಗ್ಗಿಸುತ್ತಾರೆ. ಹಾಗಾಗಿ ಎರಡೂ ಕ್ಯಾನ್‌ಗಳನ್ನು ಬಿಸಿನೀರಲ್ಲಿ ತೊಳೆದು, ಕವುಚಿ ಹಾಕಿ ಒಣಗಿಸಿ, ಮುಚ್ಚಳ ಬಿಗಿದು ಇಡುತ್ತೇನೆ. ಮುಂದಿನ ಮೇ ತಿಂಗಳಲ್ಲಿ ಅವರ ತೋಟಕ್ಕೆ ಅದೇ ಕ್ಯಾನ್ ಹೋಗುತ್ತವೆ.