ಸದ್ದುಗಳ ಪಟ್ಟಿ ಹಿಡಿದು ಅಂಡಮಾನಿಗೆ

ನಮ್ಮ ಮನೆ ಮಂಗಳೂರಿನ ಕಾವೂರು ಕಡೆ. ವಿಮಾನದ ಸದ್ದು ದಿನವೂ ಕೇಳುತ್ತದೆ. ಪಕ್ಕದ ಮನೆಯ ಮಕ್ಕಳು ಈಗಲೂ ಅಂಗಳಕ್ಕೆ ಓಡಿ ಬಂದು ಮೇಲೆ ನೋಡಿ ಕೈ ಬೀಸುತ್ತಾರೆ. ನಾನು ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದೆ. 2010ರ ಮೇ 22ರ ನಂತರ ಬಂದ ಅಭ್ಯಾಸ ಅದು. ಅವತ್ತು ಬೆಳಿಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, 8 ಜನ ಬದುಕಿದರು. ಆಂಬುಲೆನ್ಸ್‌ಗಳು ಹೋದದ್ದೇ ಹೋದದ್ದು. ಗಲ್ಫಿನಲ್ಲಿ ಯಾರೂ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಹಾಗಾಗಿ ಅದು ನಮಗೆ ಬರೀ ಪೇಪರಿನ ಸುದ್ದಿ ಆಗಿರಲಿಲ್ಲ.

ಆಮೇಲೆ ನಾನು ಬೆಂಗಳೂರಿಗೆ ಹೋದದ್ದು ಬಸ್ಸಲ್ಲಿ, ಮುಂಬೈಗೆ ಮತ್ಸ್ಯಗಂಧ ರೈಲಲ್ಲಿ, ದೆಹಲಿಯ ಒಂದು ಮದುವೆಗೂ ರೈಲಲ್ಲೇ. ಯಾರಾದರೂ ಕೇಳಿದರೆ ರೈಲು ಇಷ್ಟ ಅಂತ ಹೇಳುತ್ತಿದ್ದೆ. ಅದು ನಿಜವೂ ಹೌದು. ಆದರೆ ಪೂರ್ತಿ ನಿಜ ಅಲ್ಲ.

ಅಂಡಮಾನಿನ ವಿಷಯ ಬಂದದ್ದು ಅಮ್ಮನಿಂದ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದರು. ಸ್ವಾತಂತ್ರ್ಯ ಹೋರಾಟದ ಪಾಠ ಬಂದಾಗ ಬೋರ್ಡಿನ ಮೇಲೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಗೆರೆ ಎಳೆದು, ನಡುವೆ ಒಂದು ಗೋಪುರ ಬರೆದು, ಇದು ಸೆಲ್ಯುಲಾರ್ ಜೈಲು ಅನ್ನುತ್ತಿದ್ದರಂತೆ. ರಿಟೈರ್ ಆದ ಮೇಲೆ ಒಮ್ಮೆ ಹೋಗಿ ನೋಡಬೇಕು ಅಂದುಕೊಂಡಿದ್ದರು. ಆಗಲಿಲ್ಲ. ಅವರ ವರ್ಷಾಂತಿಕ ಮುಗಿದ ಮೇಲೆ ಅಮ್ಮ ಒಂದು ದಿನ ಊಟ ಮಾಡುತ್ತಾ, "ಆ ಜೈಲು ನಾನಾದರೂ ನೋಡ್ಬೇಕಿತ್ತು" ಅಂದಳು. ಬೆಂಗಳೂರಿನಲ್ಲಿರುವ ತಮ್ಮ ಅದನ್ನು ಕೇಳಿ ಇಬ್ಬರಿಗೂ ಟಿಕೆಟ್ ಮಾಡಿಸಿಬಿಟ್ಟ. ಅಮ್ಮನಿಗೆ 71. ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲ.

ಮೊದಲು ನಾನು ಹುಡುಕಿದ್ದು ಹಡಗನ್ನು. ಚೆನ್ನೈಯಿಂದ ಹಡಗು ಇದೆ, ಸುಮಾರು ಮೂರು ದಿನದ ದಾರಿ. ಅಮ್ಮನಿಗೆ ಬಸ್ಸಲ್ಲಿ ಶಿರಾಡಿ ಘಾಟಿ ಹತ್ತುವಾಗಲೇ ವಾಂತಿ. ಮೂರು ದಿನ ಸಮುದ್ರ ಅಂದರೆ ಆಗುವ ಮಾತಲ್ಲ. ಅಷ್ಟರಲ್ಲಿ 2025ರ ಜೂನ್ 12ಕ್ಕೆ ಅಹಮದಾಬಾದಿನ ದುರಂತ ಆಯಿತು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರು. ಆ ವಾರ ನಾನು ಟಿವಿ ಮುಂದಿನಿಂದ ಏಳಲಿಲ್ಲ. ರಾತ್ರಿ ನಿದ್ದೆ ಇಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸಿದೆ. ಅಮ್ಮ ಏನೂ ಹೇಳಲಿಲ್ಲ. "ಆಯ್ತು, ಬಿಡು" ಅಂದಳು. ಆ "ಬಿಡು" ನನಗೆ ಬಹಳ ದಿನ ಚುಚ್ಚಿತು.

ಆಗ 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಆ ಕಡೆಯ ಹೆಣ್ಣುಮಗಳು ನನ್ನ ಮಾತು ಪೂರ್ತಿ ಕೇಳಿ, ಊರಲ್ಲೇ ಒಬ್ಬರು ಡಾಕ್ಟರನ್ನು ನೋಡಿ ಅಂದರು. ನೋಡಿದೆ. ಡಾಕ್ಟರು ಮೊದಲು ಕೇಳಿದ್ದು, "ಸರಿಯಾಗಿ ಯಾವ ಕ್ಷಣಕ್ಕೆ ಹೆದರಿಕೆ?" ವಿಮಾನ ಅಂದರೆ ಹೆದರಿಕೆ ಅಂದೆ. "ಅದು ಸಾಲದು, ಬರೆದುಕೊಂಡು ಬನ್ನಿ" ಅಂದರು.

ಬರೆಯಲು ಕೂತಾಗ ಎರಡೇ ಸಿಕ್ಕಿತು. ಒಂದು, ಬಾಗಿಲು ಹಾಕಿದ ಮೇಲೆ ಇಳಿಯಲು ಆಗುವುದಿಲ್ಲ ಅನ್ನುವುದು. ಇನ್ನೊಂದು, ಗಾಲಿ ನೆಲ ಮುಟ್ಟುವ ಕ್ಷಣ. ಮೇಲೆ ಹಾರುವುದಕ್ಕೆ ಅಷ್ಟೇನೂ ಹೆದರಿಕೆ ಇರಲಿಲ್ಲ. ಹದಿನೈದು ವರ್ಷ ಹೊತ್ತುಕೊಂಡು ತಿರುಗಿದ್ದು ಇಷ್ಟನ್ನೇ ಅಂತ ಗೊತ್ತಾದಾಗ ಅಳು ಬಂತು.

ಡಾಕ್ಟರು ಒಂದು ಮಾತು ಹೇಳಿದ್ದರು: ಹೆದರಿಕೆ ಅಲೆಯ ಹಾಗೆ ಏರುತ್ತದೆ, ಏರಿದ್ದು ಇಳಿಯುತ್ತದೆ. ತಪ್ಪಿಸಿಕೊಂಡು ಓಡಿದರೆ ಅದು ಇಳಿಯುವುದನ್ನು ನೀವು ನೋಡುವುದೇ ಇಲ್ಲ. ಉಸಿರನ್ನು ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಮನೆಯಲ್ಲಿ ಸುಮ್ನೆ ಕೂತಾಗಲೇ ರೂಢಿ ಮಾಡಿ ಅಂದರು. ಅಪಘಾತದ ವಿಡಿಯೋ ನೋಡುವುದು ಬಂದ್. ಬೇಕಿದ್ದರೆ ವಿಮಾನ ಹೇಗೆ ಕೆಲಸ ಮಾಡುತ್ತದೆ ಅಂತ ಓದಿ.

ಓದಿದೆ. ಅಪ್ಪನ ಹಳೆಯ ನೂರು ಪುಟದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ ಒಂದು ಪಟ್ಟಿ ಮಾಡಿದೆ. ವಿಮಾನದ ಸದ್ದುಗಳ ಪಟ್ಟಿ. ಎಂಜಿನ್ ಶುರುವಾಗುವಾಗ ಕಾಲಡಿಯಲ್ಲಿ ನಾಯಿ ಬೊಗಳಿದ ಹಾಗೆ ಕೇಳಬಹುದು. ಏರ್‌ಬಸ್ ಎ320ರಲ್ಲಿ ಹೈಡ್ರಾಲಿಕ್ ಒತ್ತಡ ಸಮ ಮಾಡುವ ಯಂತ್ರದ ಸದ್ದು ಅದು. ನೆಲ ಬಿಟ್ಟ ಕೂಡಲೇ ದಢ್ ಅಂದರೆ ಗಾಲಿ ಒಳಗೆ ಹೋಗಿ ಅದರ ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇಳಿಯುತ್ತದೆ, ಕೆಳಗೆ ಜಾರಿದ ಹಾಗೆ ಅನಿಸುತ್ತದೆ. ಜಾರುವುದಿಲ್ಲ. ಏರಲು ಬೇಕಿದ್ದ ಪೂರ್ತಿ ಶಕ್ತಿ ಇನ್ನು ಬೇಡ, ಅದಕ್ಕೆ ಕಡಿಮೆ ಮಾಡುತ್ತಾರೆ. ಇಳಿಯುವ ಮೊದಲು ರೆಕ್ಕೆಯ ಹಿಂದಿನ ಫ್ಲ್ಯಾಪ್ ಬಿಚ್ಚುವ ಕುಯ್ಯ್ ಸದ್ದು. ಆಮೇಲೆ ಗಾಲಿ ಬಿಡುವ ಸದ್ದು. ನೆಲ ಮುಟ್ಟಿದ ಮೇಲೆ ದೊಡ್ಡ ಆರ್ಭಟ, ಅದು ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದು.

ಗಾಳಿಯಲ್ಲಿ ಅಲ್ಲಾಡುವುದು ಯಾಕೆ ಅಪಾಯ ಅಲ್ಲ ಅನ್ನುವುದು ಮಾತ್ರ ಓದಿ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋಗುವಾಗ ಅರ್ಥ ಆಯಿತು. ಪಕ್ಕದಲ್ಲಿ ದೊಡ್ಡ ಬೋಟ್ ಹೋಯಿತು, ಅದರ ಅಲೆಗೆ ನಮ್ಮ ದೋಣಿ ಎದ್ದು ಕೂತಿತು. ದೋಣಿಯವರು ತಿರುಗಿಯೂ ನೋಡಲಿಲ್ಲ. ನೀರು ದೋಣಿಯನ್ನು ಎತ್ತಿ ಹಿಡಿದೇ ಇತ್ತು. ಗಾಳಿಯೂ ಹಾಗೆಯೇ ಹಿಡಿದಿರುತ್ತದೆ. ಇನ್ನು ರೆಕ್ಕೆ ಬಾಗುವಂತೆಯೇ ಮಾಡಿರುತ್ತಾರೆ. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚು ಭಾರ ಎಷ್ಟೋ, ಅದರ ಒಂದೂವರೆ ಪಟ್ಟನ್ನು ತಡೆಯಬೇಕು ಅನ್ನುವುದು ನಿಯಮ.

ಜನವರಿಗೆ ಹೊಸ ಟಿಕೆಟ್ ಆಯಿತು. ರೆಕ್ಕೆಯ ಹತ್ತಿರ ಅಲುಗಾಟ ಕಡಿಮೆ ಅಂತ ಅಲ್ಲೇ ಸೀಟು ಹಿಡಿಸಿದೆ. ಕಿಟಕಿ ಅಮ್ಮನಿಗೆ.

ದೇವನಹಳ್ಳಿಗೆ ತಮ್ಮ ನಸುಕಿನಲ್ಲೇ ಬಿಟ್ಟು ಹೋದ. ನಾನು ಕಾಫಿ ಕುಡಿಯಲಿಲ್ಲ, ಎದೆಬಡಿತ ಜಾಸ್ತಿ ಆಗುತ್ತದೆ ಅಂತ. ಅಮ್ಮ ಮುಡಿಯಲ್ಲಿ ಶಂಕರಪುರ ಮಲ್ಲಿಗೆ ಇಟ್ಟುಕೊಂಡಿದ್ದಳು. ಮಂಗಳೂರಿಂದ ಬಾಳೆಲೆಯಲ್ಲಿ ಕಟ್ಟಿ ತಂದದ್ದು. ವಿಮಾನ ಹತ್ತುವಾಗ ಬಾಗಿಲ ಬಳಿ ನಿಂತಿದ್ದ ಗಗನಸಖಿಗೆ ನನಗೆ ಹೆದರಿಕೆ ಇದೆ ಅಂತ ಹೇಳಿದೆ. ಡಾಕ್ಟರು ಹೇಳಿಸಿದ್ದು ಅದು. ಆಕೆ ಸೀಟಿನ ನಂಬರ್ ಕೇಳಿಕೊಂಡು, "ನಾನು ಬಂದು ನೋಡ್ತೀನಿ ಮೇಡಂ" ಅಂದಳು.

ಬಾಗಿಲು ಹಾಕಿದರು. ಆ ಕ್ಷಣ ಬಂದೇ ಬಂತು. ಅಂಗೈ ಬೆವರಿತು, ಬಾಯಿ ಒಣಗಿತು. ನಾಲ್ಕು, ಆರು. ನಾಲ್ಕು, ಆರು. ಅಷ್ಟರಲ್ಲಿ ಕಾಲಡಿಯಲ್ಲಿ ನಾಯಿ ಬೊಗಳಿತು! ಪಟ್ಟಿಯಲ್ಲಿ ಮೊದಲನೆಯದು. ಪೆನ್ಸಿಲಿನಿಂದ ಗುರುತು ಹಾಕಿದೆ. ನನ್ನ ಕೈ ನಡುಗುತ್ತಿತ್ತು, ಗುರುತು ಸೊಟ್ಟಗಾಯಿತು. ಆದರೆ ಬಿದ್ದಿತು. ರನ್‌ವೇಯಲ್ಲಿ ಓಡುವಾಗ ಸೆಕೆಂಡು ಎಣಿಸಿದೆ. ಮೂವತ್ತನಾಲ್ಕಕ್ಕೆ ನೆಲ ಬಿಟ್ಟೆವು. ದಢ್. ಗುರುತು. ಎಂಜಿನ್ ಸದ್ದು ತಗ್ಗಿತು. ಗುರುತು.

ಮೋಡದ ಮೇಲೆ ಬಂದ ಮೇಲೆ ಅಮ್ಮ ನನ್ನ ಮೊಣಕೈ ತಟ್ಟಿದಳು. "ಇಲ್ಲಿ ಕಿಟಕಿಯಲ್ಲಿ ಒಂದು ತೂತು ಉಂಟಲ್ಲ?"

ಬಗ್ಗಿ ನೋಡಿದೆ. ಉಂಟು. ಗಾಜಿನ ಕೆಳಭಾಗದಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣದು. ಅದರ ಸುತ್ತ ಮಂಜಿನ ಹೂವು ಅರಳಿದ ಹಾಗೆ ಬಿಳಿ ಗೆರೆಗಳು. ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಎದೆ ಒಮ್ಮೆಲೇ ಬಾಯಿಗೆ ಬಂತು. ಬಟನ್ ಒತ್ತಿದೆ. ಅದೇ ಹುಡುಗಿ ಬಂದಳು. ಅಮ್ಮನ ಮೇಲಿಂದ ಬಗ್ಗಿ, ಬೆರಳಿಟ್ಟು ತೋರಿಸಿದಳು: ಒಂದರ ಹಿಂದೆ ಒಂದು ಮೂರು ಪದರ ಇದೆ. ವಿಮಾನದೊಳಗಿನ ಗಾಳಿಯ ಒತ್ತಡ ತಡೆಯುವುದು ಎಲ್ಲಕ್ಕಿಂತ ಆಚೆಯದು. ನಡುವಿನದಕ್ಕೆ ಬೇಕೆಂದೇ ತೂತು ಇಡುತ್ತಾರೆ, ಒತ್ತಡ ಆಚೆಯದರ ಮೇಲೇ ಬೀಳಲಿ, ಗಾಜಿಗೆ ಮಂಜು ಕಟ್ಟದಿರಲಿ ಅಂತ. ಈಚೆಯದು ನಾವು ಕೈ ತಾಗಿಸಿ ಗೀರಬಾರದು ಅಂತ. ಆಕೆ ಹೋದ ಮೇಲೆ ಪಟ್ಟಿಯ ಕೊನೆಗೆ "ಕಿಟಕಿಯ ತೂತು" ಅಂತ ಸೇರಿಸಿದೆ. ಅಮ್ಮ ಆಮೇಲೂ ಬಹಳ ಹೊತ್ತು ಆ ಮಂಜಿನ ಹೂವನ್ನೇ ನೋಡುತ್ತಿದ್ದಳು.

ಚೆನ್ನೈ ದಾಟಿದ ಮೇಲೆ ಕೆಳಗೆ ಬರೀ ಬಂಗಾಳ ಕೊಲ್ಲಿ. ಅರ್ಧ ದಾರಿಯಲ್ಲಿ ಟಿಂಗ್ ಅಂದಿತು, ಬೆಲ್ಟಿನ ದೀಪ ಹತ್ತಿತು, ವಿಮಾನ ಅಲ್ಲಾಡತೊಡಗಿತು. ಒಮ್ಮೆ ಹೊಟ್ಟೆ ಮೇಲೆ ಬಂದ ಹಾಗಾಯಿತು. ದೋಣಿ ನೆನಪಿಗೆ ಬರಲಿಲ್ಲ, ನಿಯಮ ನೆನಪಿಗೆ ಬರಲಿಲ್ಲ. ಬೆರಳ ತುದಿ ಜುಮುಜುಮು ಅನ್ನತೊಡಗಿತು. ಜೋರಾಗಿ ಉಸಿರಾಡಿದರೆ ಹಾಗೆ ಆಗುತ್ತದೆ ಅಂತ ಗೊತ್ತಿತ್ತು, ಆದರೂ ನಿಲ್ಲಿಸಲು ಆಗಲಿಲ್ಲ. ಆಗ ಅಮ್ಮ ಅರ್ಧ ಖಾಲಿಯಾಗಿದ್ದ ನೀರಿನ ಬಾಟಲಿಯನ್ನು ಮುಂದಿನ ಹಲಗೆಯ ಮೇಲೆ ಇಟ್ಟಳು. ಕುಡಿಯಲಿ ಅಂತ ಇಟ್ಟದ್ದು. ನಾನು ಅದನ್ನೇ ನೋಡಿದೆ. ಇಡೀ ವಿಮಾನ ಬೀಳುತ್ತಿದೆ ಅಂತ ನನ್ನ ಮೈ ಹೇಳುತ್ತಿದೆ, ಬಾಟಲಿಯೊಳಗಿನ ನೀರು ಬಸ್ಸಲ್ಲಿ ಕುಲುಕುವುದರ ಕಾಲು ಭಾಗವೂ ಕುಲುಕುತ್ತಿಲ್ಲ. ನೀರಿಗೆ ಸುಳ್ಳು ಹೇಳಲು ಬರುವುದಿಲ್ಲ ಅಲ್ವಾ? ಅದನ್ನೇ ದಿಟ್ಟಿಸುತ್ತಾ ಉಸಿರು ಎಣಿಸಿದೆ. ಹತ್ತು ನಿಮಿಷಕ್ಕೆ ಬೆರಳಿನ ಜುಮುಜುಮು ಹೋಯಿತು. ಅಲುಗಾಟ ಇನ್ನೂ ನಿಂತಿರಲಿಲ್ಲ. ಹೆದರಿಕೆ ಅದಕ್ಕಿಂತ ಮೊದಲೇ ಇಳಿದಿತ್ತು.

ಇಳಿಯುವಾಗ ಕಣ್ಣು ಮುಚ್ಚಿದೆ. 2010ರಲ್ಲಿ ವಿಮಾನ ಬಿದ್ದ ಕೆಂಜಾರಿನ ಆ ಕಣಿವೆ ಕಣ್ಣ ಮುಂದೆ ಬಂತು. ಫ್ಲ್ಯಾಪಿನ ಸದ್ದು, ಗಾಲಿಯ ಸದ್ದು ಕೇಳಿಸಿಕೊಂಡೆ, ಗುರುತು ಹಾಕಲು ಪೆನ್ಸಿಲ್ ಹಿಡಿಯಲಾಗಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡು ಒಂದೊಂದೇ ಹೇಳುತ್ತಾ ಹೋದಳು. "ದ್ವೀಪ ಬಂತು. ಎಂಥ ಹಸುರು ಮಾರಾಯ್ತಿ. ಮರ ಕಾಣ್ತದೆ. ಮನೆ. ರಸ್ತೆಯಲ್ಲಿ ಒಂದು ಸ್ಕೂಟರ್ ಹೋಗ್ತಾ ಉಂಟು." ಆಮೇಲೆ ಒಂದು ಹೊಡೆತ, ಆರ್ಭಟ, ಮುಂದಕ್ಕೆ ಜಗ್ಗಿದ ಹಾಗೆ. "ಬಂದಾಯ್ತು" ಅಂದಳು ಅಮ್ಮ.

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು. ಅಲ್ಲಿ ನಮಗೆ ವಿಚಿತ್ರ ಅನಿಸಿದ್ದು ಸಂಜೆ. ಗಡಿಯಾರ ಮಂಗಳೂರಿನದೇ, ಆದರೆ ಸೂರ್ಯ ಒಂದು ಗಂಟೆ ಮೊದಲೇ ಹೋಗಿಬಿಡುತ್ತಾನೆ. ಐದೂವರೆಗೆ ಕತ್ತಲು. ಹ್ಯಾವ್‌ಲಾಕಿನ ರಾಧಾನಗರ ಬೀಚಿಗೂ ಹೋದೆವು. ಚೆಂದದ ಜಾಗ. ಆದರೆ ನಾವು ಹೋದದ್ದು ಜೈಲು ನೋಡಲು.

1896ರಿಂದ 1906ರವರೆಗೆ ಕಟ್ಟಿದ್ದು. ಅಪ್ಪ ಎಳೆಯುತ್ತಿದ್ದ ಏಳು ಗೆರೆ ಅಂದರೆ ಗೋಪುರದಿಂದ ಚಾಚಿದ ಏಳು ಉದ್ದನೆಯ ಕಟ್ಟಡ, ರೆಕ್ಕೆ ಅನ್ನುತ್ತಾರೆ. ಅವುಗಳಲ್ಲಿ ಮೂರು ಉಳಿದಿವೆ. ಅಮ್ಮ ನಡುವಿನ ಗೋಪುರ ಹತ್ತಿ ಬೆರಳಲ್ಲಿ ಎಣಿಸಿದಳು. ಉಳಿದ ನಾಲ್ಕು ಎಲ್ಲಿ ಅಂತ ಕೇಳಿದಳು. ಕೆಲವು ಯುದ್ಧಕಾಲದಲ್ಲಿ ಹೋದವು, ಕೆಲವನ್ನು ಆಮೇಲೆ ಕೆಡವಿದರು, ಆ ಜಾಗದಲ್ಲಿ ಈಗ ಆಸ್ಪತ್ರೆ ಇದೆ. ಒಂದು ರೆಕ್ಕೆಯ ಮುಖ ಇನ್ನೊಂದರ ಬೆನ್ನಿಗೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು ಅಂತ ಹಾಗೆ ಕಟ್ಟಿದ್ದು. "ಅಪ್ಪ ಇದನ್ನು ಹೇಳಿದ್ರು" ಅಂದಳು. ಅಂಗಳದಲ್ಲಿ ಗಾಣ ಇತ್ತು, ಕೈದಿಗಳನ್ನು ಕಟ್ಟಿ ಎಣ್ಣೆ ತೆಗೆಸುತ್ತಿದ್ದದ್ದು. ಗಾಣ ನೋಡಿ ಬೆಳೆದವಳು ಅಮ್ಮ. ಅದಕ್ಕೆ ಎತ್ತು ಎಷ್ಟು ಸುಸ್ತಾಗುತ್ತದೆ ಅಂತ ಅವಳಿಗೆ ಗೊತ್ತು. ಏನೂ ಮಾತಾಡದೆ ಅದರ ಮುಂದೆ ನಿಂತಳು.

ಒಂದು ಕೋಣೆಯೊಳಗೆ ನಾನೂ ಹೋದೆ. ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ಎತ್ತರದಲ್ಲಿ ಒಂದು ಸಣ್ಣ ಗವಾಕ್ಷಿ. ಚಿಲಕ ಹೊರಗೋಡೆಯಲ್ಲಿ ದೂರಕ್ಕೆ, ಒಳಗಿನಿಂದ ಕೈ ಚಾಚಿದರೂ ಸಿಗದ ಹಾಗೆ ಇಟ್ಟಿದ್ದಾರೆ. ಮುಚ್ಚಿದ ಬಾಗಿಲಿಗೆ ಹೆದರುವವಳು ನಾನು. ಸರಳುಗಳ ಮೂಲಕ ಕೈ ಹಾಕಿ ನೋಡಿದೆ. ಸಿಗಲಿಲ್ಲ. ಅಮ್ಮ ಮುಡಿಯಿಂದ ಬಾಡಿದ ಮಲ್ಲಿಗೆ ತೆಗೆದು ಆ ಕೋಣೆಯ ಮೂಲೆಯಲ್ಲಿ ಇಟ್ಟಳು.

ಹಿಂದೆ ಬರುವಾಗ ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಕಣ್ಣು ಬಿಟ್ಟೇ ಇದ್ದೆ. ಗಾಲಿ ಬಿಟ್ಟಾಗ ಅಮ್ಮನೇ, "ಇದು ಗಾಲಿಯದ್ದಲ್ವಾ?" ಅಂತ ಕೇಳಿದಳು. ತಮ್ಮ ಬಜ್ಪೆಗೂ ವಿಮಾನದ ಟಿಕೆಟ್ ಮಾಡಲಾ ಅಂದ. ಬೇಡ, ಅದು ಈಗ ಆಗುವುದಿಲ್ಲ ಅಂದೆ. ಅಮ್ಮ ಒತ್ತಾಯ ಮಾಡಲಿಲ್ಲ. ರಾತ್ರಿ ರೈಲು ಹತ್ತಿ, ಸಕಲೇಶಪುರದ ಆಚೆಯ ಸುರಂಗಗಳನ್ನೆಲ್ಲ ನಿದ್ದೆಯಲ್ಲೇ ದಾಟಿ ಬೆಳಿಗ್ಗೆ ಮನೆ ಸೇರಿದೆವು.

ಅವತ್ತು ಮಧ್ಯಾಹ್ನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಲಂಗದ ಜೇಬಿನಿಂದ ರಾಧಾನಗರದ ಮರಳು ಉದುರುತ್ತಿತ್ತು. ಸದ್ದು ಬಂತು. ಅಮ್ಮ ಜಗಲಿಯಿಂದ ತಲೆ ಎತ್ತಿ, "ಗಾಲಿ ಬಿಟ್ಟಿದ್ದಾರಾ ನೋಡು" ಅಂದಳು.

ಕೈಯಲ್ಲಿ ಒದ್ದೆ ಸೀರೆ ಹಿಡಿದುಕೊಂಡೇ ನೋಡಿದೆ. ಬಿಟ್ಟಿದ್ದರು. ತೆಂಗಿನ ಮರಗಳ ಆಚೆ ಮರೆಯಾಗುವವರೆಗೂ ನೋಡಿದೆ.