ಆ ಒಂದು ಹಾಡು ಬಿಟ್ಟರೆ ಆ ಆಲ್ಬಮ್ಮಿನಲ್ಲಿ ಏನಿದೆ?

ರಾಕ್ ಸಂಗೀತದ ಮಾತು ಬಂದಾಗಲೆಲ್ಲ ನಾನು ಆರ್.ಇ.ಎಂ. ತಂಡದ 'ಔಟ್ ಆಫ್ ಟೈಮ್' ಆಲ್ಬಮ್ಮಿನ ಹೆಸರೆತ್ತುತ್ತೇನೆ ಎಂಬುದು ಗೆಳೆಯರಿಗೆಲ್ಲ ಗೊತ್ತಿರುವುದರಿಂದ, ಅದರ ಬೆನ್ನಿಗೇ ಅವರು ಕೇಳುವ ಪ್ರಶ್ನೆಯೂ ಈಗ ನನಗೆ ಬಾಯಿಪಾಠವಾಗಿದೆ. 'ಲೂಸಿಂಗ್ ಮೈ ರಿಲಿಜನ್' ಒಂದನ್ನು ಬಿಟ್ಟರೆ ಅದರಲ್ಲಿ ಏನಿದೆ? ರಾಕ್ ಅಷ್ಟಾಗಿ ಕೇಳದವರು ಇದನ್ನು ಕುತೂಹಲದಿಂದ ಕೇಳುತ್ತಾರೆ. ಕೇಳಿ ಪಳಗಿದವರ ದನಿಯಲ್ಲಿ ಮಾತ್ರ ಸಣ್ಣ ತಾತ್ಸಾರವಿರುತ್ತದೆ. ಈ ತಂಡದ ಅಪ್ಪಟ ಅಭಿಮಾನಿಯಾದವನು 1983ರ 'ಮರ್ಮರ್' ಅನ್ನೋ 1992ರ 'ಆಟೊಮ್ಯಾಟಿಕ್ ಫಾರ್ ದ ಪೀಪಲ್' ಅನ್ನೋ ಹೆಸರಿಸಬೇಕೇ ಹೊರತು, ಊರಿಗೆ ಊರೇ ಕೊಂಡ ಆಲ್ಬಮ್ಮನ್ನಲ್ಲ ಎಂಬುದು ಅವರ ಅಭಿಪ್ರಾಯ. ಕಾಫಿ ಕುಡಿಯುತ್ತ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ತಂಡದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದ ಆಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ನಾಲ್ವರು ಕೂಡಿ ಕಟ್ಟಿದ ತಂಡವಿದು: ಹಾಡುಗಾರ ಮೈಕಲ್ ಸ್ಟೈಪ್, ಗಿಟಾರಿನ ಪೀಟರ್ ಬಕ್, ಬೇಸ್ ನುಡಿಸುವ ಮೈಕ್ ಮಿಲ್ಸ್ ಮತ್ತು ಡ್ರಮ್ಮಿನ ಬಿಲ್ ಬೆರ್ರಿ. ಹಾಡು ಯಾರ ತಲೆಯಲ್ಲಿ ಹುಟ್ಟಿದರೂ ನಾಲ್ವರ ಹೆಸರಿನಲ್ಲೇ ಹೊರಬರಬೇಕೆಂಬ ಕರಾರನ್ನು, 1997ರಲ್ಲಿ ಬೆರ್ರಿ ತಂಡ ಬಿಡುವವರೆಗೆ, ಅವರು ಪಾಲಿಸಿದರು. ದೊಡ್ಡ ರೇಡಿಯೊ ಕೇಂದ್ರಗಳು ಮೂಸಿಯೂ ನೋಡದ ಸಂಗೀತವನ್ನು ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕಾಲೇಜು ರೇಡಿಯೊಗಳು ಹಾಕುತ್ತಿದ್ದ ಕಾಲವದು, ಮುಂದೆ 'ಆಲ್ಟರ್ನೇಟಿವ್ ರಾಕ್' ಎಂದು ಹೆಸರಾದದ್ದು ಬಹುಮಟ್ಟಿಗೆ ಅಲ್ಲಿ ಬೆಳೆದ ಸಂಗೀತವೇ. ಐ.ಆರ್.ಎಸ್. ಎಂಬ ಸಣ್ಣ ಕಂಪನಿಗೆ ವರ್ಷಕ್ಕೊಂದರಂತೆ ಆಲ್ಬಮ್ ಕೊಡುತ್ತ, ಊರೂರು ಸುತ್ತಿ ಕಛೇರಿ ನಡೆಸುತ್ತ, ಈ ತಂಡ 1987ರಲ್ಲಿ 'ದ ಒನ್ ಐ ಲವ್' ಹಾಡಿನಿಂದ ಮೊದಲ ಬಾರಿಗೆ ಅಮೆರಿಕದ ಮೊದಲ ಹತ್ತು ಹಾಡುಗಳ ಪಟ್ಟಿಗೆ ಬಂದಿತು. ಮರುವರ್ಷ ವಾರ್ನರ್ ಬ್ರದರ್ಸ್ ಸೇರಿ 'ಗ್ರೀನ್' ಹೊರತಂದು, 1989ರ ಬಹುಭಾಗವನ್ನು ಭಾರಿ ಸಭಾಂಗಣಗಳಲ್ಲಿ ನುಡಿಸುವುದರಲ್ಲಿ ಕಳೆಯಿತು.

ಇಷ್ಟು ಎತ್ತರಕ್ಕೆ ಬಂದ ತಂಡವೊಂದು ಮುಂದಿನ ಸಲ ಇನ್ನಷ್ಟು ಅಬ್ಬರಿಸುತ್ತದೆ ಎಂದು ಯಾರಾದರೂ ಎಣಿಸುತ್ತಾರೆ. ಇವರು ದನಿ ತಗ್ಗಿಸಿದರು. ನನ್ನ ಉತ್ತರದ ತಿರುಳು ಇಷ್ಟೇ: ಗೆಲ್ಲುವುದಕ್ಕೆ ಏನೇನು ಮಾಡಬೇಕೆಂದು ಆಗಿನ ರಾಕ್ ಲೋಕ ನಂಬಿತ್ತೋ ಅವುಗಳಲ್ಲಿ ಒಂದೊಂದನ್ನೇ ಕೈಬಿಟ್ಟು ಗೆದ್ದ ಆಲ್ಬಮ್ ಇದು, ಆ ಕೈಬಿಡುವಿಕೆ ಹನ್ನೊಂದೂ ಹಾಡುಗಳಲ್ಲಿ ಅಲ್ಲದಿದ್ದರೂ ಹೆಚ್ಚಿನವುಗಳಲ್ಲಿ ಕಿವಿಗೆ ಬೀಳುತ್ತದೆ. ಎಲೆಕ್ಟ್ರಿಕ್ ಗಿಟಾರ್ ನುಡಿಸಿ ನುಡಿಸಿ ಬೇಸತ್ತಿದ್ದ ಬಕ್ ಅದನ್ನು ಪಕ್ಕಕ್ಕಿಟ್ಟು ಮ್ಯಾಂಡೋಲಿನ್ ಹಿಡಿದರು. ಮಿಲ್ಸ್ ಆರ್ಗನ್ ಮುಂದೆ ಕುಳಿತರು. ಡ್ರಮ್ ಬಿಟ್ಟೆದ್ದ ಬೆರ್ರಿ ಕೆಲವು ಹಾಡುಗಳಿಗೆ ಬೇಸ್ ನುಡಿಸಿದರು. ತಮಗೆ ಚೆನ್ನಾಗಿ ಬರುವ ವಾದ್ಯದಲ್ಲಿ ಬೆರಳುಗಳು ಹಳೆಯ ಜಾಡನ್ನೇ ಹಿಡಿಯುತ್ತವೆ, ಬಾರದ ವಾದ್ಯದಲ್ಲಿ ಪ್ರತಿ ಸ್ವರವನ್ನೂ ಹುಡುಕಿ ಇಡಬೇಕಾಗುತ್ತದೆ. ಆ ಹುಡುಕಾಟದ ಎಚ್ಚರ ಈ ಆಲ್ಬಮ್ಮಿನ ಉದ್ದಕ್ಕೂ ಇದೆ. ಹಿಂದಿನ ಎರಡು ಆಲ್ಬಮ್ಮುಗಳಲ್ಲಿ ರಾಜಕೀಯದ ಮಾತಾಡಿದ್ದ ಸ್ಟೈಪ್ ಈ ಸಲ ಪ್ರೀತಿಯ ಬಗ್ಗೆ, ಹೆಚ್ಚಾಗಿ ಕೈಗೂಡದ ಪ್ರೀತಿಯ ಬಗ್ಗೆ, ಬರೆದರು. ಹೆಸರಿಡಲು ಕೊಟ್ಟ ಗಡುವು ಮೀರುತ್ತಿದ್ದುದರಿಂದ 'ಸಮಯ ಮುಗಿಯಿತು' ಎಂಬ ಅರ್ಥದ ಹೆಸರೇ ಗಟ್ಟಿಯಾಯಿತು ಎನ್ನುವುದು ತಂಡದವರೇ ಹೇಳಿಕೊಂಡ ತಮಾಷೆ. ಎಲ್ಲಕ್ಕಿಂತ ಮಿಗಿಲಾಗಿ, ಆಲ್ಬಮ್ 1991ರ ಮಾರ್ಚಿನಲ್ಲಿ ಹೊರಬಂದ ಮೇಲೆ ಅವರು ಪ್ರವಾಸವನ್ನೇ ಮಾಡಲಿಲ್ಲ. ಆದರೂ ಅದು ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಇನ್ನು ಆ ಹಾಡು. ಅದನ್ನು ಬಿಟ್ಟು ಮಾತಾಡಿ ಎನ್ನುವವರಿಗೆ ನಾನು ಮೊದಲು ಅದರ ಬಗ್ಗೆಯೇ ಹೇಳುತ್ತೇನೆ, ಏಕೆಂದರೆ ಉಳಿದ ಹಾಡುಗಳ ಬೀಗದ ಕೈ ಅದರಲ್ಲೇ ಇದೆ. ಬಕ್ ಆಗಷ್ಟೇ ಮ್ಯಾಂಡೋಲಿನ್ ಕೊಂಡು ಕಲಿಯುತ್ತಿದ್ದರು. ಟಿ.ವಿ. ನೋಡುತ್ತ, ರೆಕಾರ್ಡರ್ ಚಾಲೂ ಇಟ್ಟುಕೊಂಡು, ಸುಮ್ಮನೆ ಏನೇನೋ ನುಡಿಸಿದ್ದನ್ನು ಮರುದಿನ ಕೇಳಿದಾಗ, ತಡಕಾಟದ ನಡುವೆ ಆ ಪಲುಕು ಸಿಕ್ಕಿತು. ಮ್ಯಾಂಡೋಲಿನ್ ಎಂದರೆ ನಮ್ಮ ಕಿವಿಗೆ ಯು. ಶ್ರೀನಿವಾಸ್ ಅವರ ಗಮಕಗಳು ನೆನಪಾಗುತ್ತವೆ, ಆದರೆ ಅವರದು ಬೇರೆಯೇ ಬಗೆಯಲ್ಲಿ ಮಾರ್ಪಡಿಸಿಕೊಂಡ ವಿದ್ಯುತ್ ವಾದ್ಯ. ಬಕ್ ನುಡಿಸಿದ ಸಾಂಪ್ರದಾಯಿಕ ಮ್ಯಾಂಡೋಲಿನ್ನಿಗೆ ನಾಲ್ಕು ಜೋಡಿ ತಂತಿಗಳಿರುತ್ತವೆ, ಜೋಡಿಯ ಎರಡೂ ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸಿರುತ್ತಾರೆ. ಮೀಟಿದ ನಾದ ಮಿಂಚಿ ಬೇಗನೆ ಆರಿಹೋಗುತ್ತದೆ, ಹಾಗಾಗಿ ಮೀಟುತ್ತಲೇ ಇರಬೇಕಾಗುತ್ತದೆ. ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಕೆಟ್ಟೆನೇನೋ ಎಂದು ಚಡಪಡಿಸುವ ಒಬ್ಬನ ಹಾಡಿಗೆ ಇದಕ್ಕಿಂತ ಒಪ್ಪುವ ನಾದ ಇನ್ನಾವುದಿರಲು ಸಾಧ್ಯ? ಸಾಮಾನ್ಯ ಅರ್ಥದಲ್ಲಿ ಈ ಹಾಡಿಗೆ ಪಲ್ಲವಿಯೇ ಇಲ್ಲ. ನಾಲ್ಕು ನಿಮಿಷ ಮೀರಿದ, ಪಲ್ಲವಿಯಿಲ್ಲದ, ಮ್ಯಾಂಡೋಲಿನ್ ಮುಂದಿರುವ ಹಾಡನ್ನು ಮೊದಲು ಬಿಡುಗಡೆ ಮಾಡಲು ಕಂಪನಿ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ, ಆದರೂ ಅದು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದವರೆಗೆ ಹೋಯಿತು. ಶೀರ್ಷಿಕೆ ನೋಡಿ ಇದು ಧರ್ಮವನ್ನು ತೊರೆದವನ ಹಾಡೆಂದು ಭಾವಿಸುವವರು ಇಂದಿಗೂ ಇದ್ದಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದೊಂದು ನುಡಿಗಟ್ಟು. ನಾವು ತಾಳ್ಮೆಯ ಕಟ್ಟೆ ಒಡೆಯಿತು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಆ ಹಾಡಿನ ವಿಡಿಯೊ ಮಾಡಿದವರು ಜಲಂಧರದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಭಾರತೀಯ ಸಿನಿಮಾದ ಭಾವೋದ್ರೇಕವನ್ನು, ಕನಸಿನಂಥ ಚೌಕಟ್ಟನ್ನು ಅವರು ತರಬಯಸಿದ್ದರೆಂದು ಸ್ಟೈಪ್ ನೆನಪಿಸಿಕೊಂಡಿದ್ದಾರೆ. ಇಟಲಿಯ ಚಿತ್ರಕಾರ ಕಾರವಾಜ್ಜೊನ ನೆರಳು-ಬೆಳಕು, ಕಥೆಗಾರ ಮಾರ್ಕ್ವೆಜ್ ಅವರ ರೆಕ್ಕೆಯ ಮುದುಕನ ಕಥೆ, ಅವುಗಳ ಜೊತೆಗೆ ನಮ್ಮ ಕ್ಯಾಲೆಂಡರ್ ದೇವರ ಚಿತ್ರಗಳ ಭಂಗಿ, ಇವೆಲ್ಲ ಒಂದೇ ಕೋಣೆಯಲ್ಲಿ ಕಲೆತಿವೆ. ಆ ವರ್ಷ ಎಂ.ಟಿ.ವಿ. ವಿಡಿಯೊ ಪ್ರಶಸ್ತಿಗಳಲ್ಲಿ ಆರು ಇದಕ್ಕೆ ಬಂದವು.

ಸೋತ ಹಾಡುಗಳೂ ಇವೆ, ಅಭಿಮಾನಿಯಾದ ಮಾತ್ರಕ್ಕೆ ನಾನು ಅದನ್ನು ಮುಚ್ಚಿಡುವುದಿಲ್ಲ. ಮೊದಲ ಹಾಡು 'ರೇಡಿಯೊ ಸಾಂಗ್'ನಲ್ಲಿ ರ‍್ಯಾಪ್ ಕಲಾವಿದ ಕೆ.ಆರ್.ಎಸ್.-ಒನ್ ಬಂದು ಹೋಗುವುದು, ಮದುವೆ ಮನೆಗೆ ಬಂದ ಅತಿಥಿ ಊಟಕ್ಕೆ ಕೂರದೆ ಹೊರಟಂತಿದೆ. ಅದೇ ಆಥೆನ್ಸಿನ ಬಿ-52ಸ್ ತಂಡದ ಕೇಟ್ ಪಿಯರ್ಸನ್ ದನಿಗೂಡಿಸಿದ 'ಶೈನಿ ಹ್ಯಾಪಿ ಪೀಪಲ್' ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂದಿತಾದರೂ, ತಂಡಕ್ಕೇ ಅದು ಮುಜುಗರವಾಗಿ 2003ರ ಆಯ್ದ ಹಾಡುಗಳ ಸಂಕಲನದಿಂದ ಅದನ್ನು ಕೈಬಿಟ್ಟರು. ಪಿಯರ್ಸನ್ ಅವರ ಕಂಠದ ನಿಜವಾದ ಬೆಲೆ ತಿಳಿಯಬೇಕಾದರೆ ಕೊನೆಯ ಹಾಡು 'ಮಿ ಇನ್ ಹನಿ' ಕೇಳಬೇಕು.

ಹಾಗಾದರೆ ಏನಿದೆ? 'ಲೋ' ಇದೆ, ಪಿಸುಮಾತಿನಂತೆ ಆರಂಭವಾಗಿ ಆರ್ಗನ್ನಿನ ಮೇಲೆ ಮೆಲ್ಲಮೆಲ್ಲನೆ ಏರುತ್ತದೆ. 'ನಿಯರ್ ವೈಲ್ಡ್ ಹೆವನ್' ಇದೆ, ಅದರಲ್ಲಿ ಮುಖ್ಯ ದನಿ ಸ್ಟೈಪ್ ಅವರದಲ್ಲ, ಮಿಲ್ಸ್ ಅವರದು. 'ಬಿಲಾಂಗ್'ನಲ್ಲಿ ಚರಣಗಳನ್ನು ಮಾತಿನಂತೆ ಹೇಳಲಾಗುತ್ತದೆ, ಪಲ್ಲವಿ ಬರಬೇಕಾದ ಜಾಗದಲ್ಲಿ ಶಬ್ದಗಳಿಲ್ಲದ ಆಲಾಪವೊಂದೇ ಎತ್ತರಕ್ಕೆ ಹಾರುತ್ತದೆ. 'ಹಾಫ್ ಎ ವರ್ಲ್ಡ್ ಅವೇ'ಯಲ್ಲಿ ಮ್ಯಾಂಡೋಲಿನ್ ಮತ್ತೆ ಬರುತ್ತದೆ, ಈ ಸಲ ಚಡಪಡಿಕೆಗಲ್ಲ, ದೂರದ ಊರಿನಲ್ಲಿ ಕುಳಿತವನ ಹಂಬಲಕ್ಕೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟಿರುವುದು 'ಕಂಟ್ರಿ ಫೀಡ್‌ಬ್ಯಾಕ್'. ಆಥೆನ್ಸಿನಲ್ಲಿ ಜಾನ್ ಕೀನ್ ಅವರ ಸ್ಟುಡಿಯೊದಲ್ಲಿ ಕರಡು ಧ್ವನಿಮುದ್ರಣ ನಡೆಯುತ್ತಿದ್ದಾಗ, ಕೆಲವೇ ಪದಗಳನ್ನು ಗೀಚಿಕೊಂಡಿದ್ದ ಕಾಗದ ಹಿಡಿದು ಬಂದ ಸ್ಟೈಪ್, ಉಳಿದದ್ದನ್ನು ನಿಂತ ನಿಲುವಿನಲ್ಲೇ ಕಟ್ಟಿ ಹಾಡಿದರು. ಅದನ್ನು ಮತ್ತೆ ತಿದ್ದಿ ಹಾಡುವ ಗೊಡವೆಗೆ ಅವರು ಹೋಗಲಿಲ್ಲ, ಆ ಕರಡೇ ಆಲ್ಬಮ್ಮಿಗೆ ಬಂದಿತು. ಮುರಿದು ಬೀಳುತ್ತಿರುವ ಒಂದು ಸಂಬಂಧ. ಹೇಳಿದ್ದನ್ನೇ ಹೇಳುವ, ಬೇಡವೆಂದರೂ ಬಾಯಿಂದ ಜಾರುವ ಮಾತುಗಳು. ಹಿಂದೆ ಕೀನ್ ಅವರೇ ನುಡಿಸಿದ ಪೆಡಲ್ ಸ್ಟೀಲ್ ಗಿಟಾರಿನ ನರಳುವ ಮೀಂಡು. ಅದೇ ಸುತ್ತಿನಲ್ಲಿ ಮತ್ತೆ ಮತ್ತೆ ಬರುವ ಸ್ವರಗುಚ್ಛಗಳು. ಜಗಳವಾಡಿದವರು ಎಲ್ಲಿಗೂ ಹೋಗಲಾಗದೆ ಒಂದೇ ಕೋಣೆಯಲ್ಲಿ ಸುತ್ತುವುದನ್ನು ನೋಡಿದವರಿಗೆ ಈ ಹಾಡು ಏಕೆ ಮುಂದೆ ಸಾಗುವುದೇ ಇಲ್ಲವೆಂಬುದು ಅರ್ಥವಾದೀತು. ಸ್ಟೈಪ್ ಕೂಡ ಇದನ್ನು ತಮ್ಮ ಮೆಚ್ಚಿನ ಹಾಡೆಂದು ಹೇಳಿದ್ದಾರೆ. ಊರಿಗೆ ಊರೇ ಕೊಂಡ ಆಲ್ಬಮ್ಮಿನ ಹತ್ತನೆಯ ಹಾಡಾಗಿ ಇಂಥದ್ದು ಕುಳಿತಿದೆ ಎಂಬುದೇ ನನಗೆ ಇಂದಿಗೂ ಸೋಜಿಗ.

ಆಲ್ಟರ್ನೇಟಿವ್ ರಾಕ್ ಜನಸಾಮಾನ್ಯರನ್ನು ತಲುಪಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನಿರ್ವಾಣ ತಂಡದ 'ನೆವರ್‌ಮೈಂಡ್'ನಿಂದ ಎಂದು ಹೇಳುವುದು ವಾಡಿಕೆ. ಸದ್ದಿನ ಮಟ್ಟಿಗೆ ಅದು ನಿಜ. ಆದರೆ ಆರು ತಿಂಗಳು ಮೊದಲೇ ಬಾಗಿಲ ಅಗುಳಿ ತೆಗೆದವರು ಇವರು, ಆ ಸಾಲಿನ ಆಲ್ಟರ್ನೇಟಿವ್ ಆಲ್ಬಮ್ಮಿನ ಗ್ರ್ಯಾಮಿಯೂ ಇವರಿಗೇ ಸಂದಿತು. ಇನ್ನೊಂದು ಸಂಗತಿ ಹೇಳದೆ ಇರಲಾರೆ. ಆಗ ಅಮೆರಿಕದಲ್ಲಿ ಸಿ.ಡಿ.ಗಳನ್ನು ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟು ಮಾರುತ್ತಿದ್ದರು. ಹೇಗಿದ್ದರೂ ಕಸದಬುಟ್ಟಿಗೆ ಹೋಗುವ ಆ ಪೆಟ್ಟಿಗೆಯ ಹಿಂಬದಿಯಲ್ಲಿ, ವಾಹನ ಪರವಾನಗಿ ಪಡೆಯುವಾಗಲೇ ಮತದಾರರ ಪಟ್ಟಿಗೂ ಹೆಸರು ಸೇರಿಸಲು ಅವಕಾಶ ಕೊಡುವ ಮಸೂದೆಯನ್ನು ಬೆಂಬಲಿಸಿ ಸೆನೆಟರಿಗೆ ಕಳುಹಿಸಬಹುದಾದ ಮನವಿಯನ್ನು ಅಚ್ಚು ಹಾಕಿಸಿದರು. ಆ ಮಸೂದೆ 1993ರಲ್ಲಿ ಕಾನೂನಾಯಿತು. ಹಾಡಿನಲ್ಲಿ ರಾಜಕೀಯ ಬೇಡವೆಂದವರು ಅದನ್ನು ರಟ್ಟಿನ ಮೇಲೆ ಇಟ್ಟದ್ದು ನನಗೆ ಬಹಳ ಹಿಡಿಸಿತು.

ಪ್ರಶ್ನೆ ಕೇಳಿದವರು ಇಷ್ಟಾದ ಮೇಲೂ ಎದುರಿಗೇ ಕುಳಿತಿದ್ದರೆ ನಾನೊಂದು ಕ್ರಮ ಸೂಚಿಸುತ್ತೇನೆ. ಈ ಆಲ್ಬಮ್ಮಿನ ಎರಡು ಬದಿಗಳಿಗೆ ಒಂದು, ಎರಡು ಎಂಬ ಅಂಕಿಗಳ ಬದಲು 'ಕಾಲ' ಮತ್ತು 'ನೆನಪು' ಎಂದು ಹೆಸರಿಟ್ಟಿದ್ದಾರೆ. 'ನೆನಪು' ಬದಿಯ ಮೊದಲ ಹಾಡನ್ನು ದಾಟಿ 'ಬಿಲಾಂಗ್'ನಿಂದ ಶುರು ಮಾಡಿ, ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ. 'ಲೂಸಿಂಗ್ ಮೈ ರಿಲಿಜನ್' ಅನ್ನು ಆಮೇಲೆ ಹಾಕಿಕೊಳ್ಳಿ.