ಇಲ್ಲ ಮಾರಾಯ್ರೆ, ನಾನು ಎಲೆಕ್ಷನ್‌ಗೆ ನಿಲ್ಲಲ್ಲ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಲ್ಲ. ಗ್ರಾಮ ಪಂಚಾಯ್ತಿಗೂ ನಿಲ್ಲಲ್ಲ, ತಾಲ್ಲೂಕು ಪಂಚಾಯ್ತಿಗೂ ನಿಲ್ಲಲ್ಲ. ರೈತರಿಗೆ ಸಾಲ ಕೊಡುವ ಪಿಕೆಪಿಎಸ್ ಸಹಕಾರಿ ಸೊಸೈಟಿಗಂತೂ ಕೇಳಲೇಬೇಡಿ.

ಬೈಲಹೊಂಗಲ ತಾಲ್ಲೂಕಿನ ನಮ್ಮ ಊರಲ್ಲಿ ಗ್ರಾಮಸಭೆಗೆ ಹೋಗಿ ಎದ್ದು ನಿಂತು ಮಾತಾಡುವವರು ಕಡಿಮೆ. ನಾನು ಮಾತಾಡುತ್ತೇನೆ. ಆಗಾಗ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಅಷ್ಟೇ. ಅಷ್ಟಕ್ಕೇ ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಅಂಗಡಿಯಲ್ಲಿ, ಹಾಲಿನ ಡೇರಿ ಮುಂದೆ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ: "ಏನ್ರೀ, ಮುಂದಿನ ಸಲ ನಿಲ್ಲಾವ್ರೇನು?"

ಪ್ರಶ್ನೆಗಿಂತ ಕೇಳುವ ಧಾಟಿ ಜಾಸ್ತಿ ಸಿಟ್ಟು ತರಿಸುತ್ತದೆ. ನನ್ನ ಹೊಟ್ಟೆಯೊಳಗಿನ ಗುಟ್ಟು ಕೈಗೆ ಸಿಕ್ಕವರ ಹಾಗೆ ಒಂದು ನಗು. ಇಲ್ಲ ಅಂದರೆ ನಂಬಲ್ಲ. "ಎಲ್ಲಾರೂ ಮೊದಲ ಹಂಗ ಅಂತಾರ" ಅನ್ನುತ್ತಾರೆ. ಇನ್ನು ನಾನು ಏನು ಹೇಳಿದರೂ ಅದು ಪ್ರಚಾರವೇ.

ಒಂದು ಮದುವೆ ಊಟದಲ್ಲಿ ಆದದ್ದು ಕೇಳಿ. ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಗೋಧಿ ಹುಗ್ಗಿ ಬಿದ್ದಿತ್ತು, ತುಪ್ಪದವನು ಇನ್ನೂ ನಾಲ್ಕು ಎಲೆ ಆಚೆ ಇದ್ದ. ಎದುರು ಪಂಕ್ತಿಯಲ್ಲಿ ನಮ್ಮ ಬೀಗರು. ಅವರು ಪಂಚಾಯ್ತಿ ಮೆಂಬರ್ ಕೂಡ. ಇಡೀ ಪೆಂಡಾಲಿಗೆ ಕೇಳುವ ಹಾಗೆ, "ಬೀಗರ, ನಿಲ್ತೀರಂತ ಸುದ್ದಿ! ಯಾವ ಪಾರ್ಟಿ?" ಅಂದರು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯೋದೇ ಇಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಆಟೋರಿಕ್ಷಾ ಗುರುತಿನ ಮೇಲೆ ಗೆದ್ದವರು. ನಾನು ನಿಲ್ಲಲ್ಲ ಅಂದೆ. "ಲೇಡೀಸ್ ಸೀಟ್ ಬಂತಂದ್ರ ಬೀಗತಿಯವರನ್ನ ನಿಲ್ಲಸ್ತೀರೇನು?" ಅಂತ ಮುಂದುವರಿಸಿದರು. 2010ರಿಂದ ಇಲ್ಲಿ ಪಂಚಾಯ್ತಿಯ ಅರ್ಧ ಸೀಟು ಹೆಂಗಸರಿಗೆ. ಅಲ್ಲಿಂದ ಈಚೆಗೆ ಈ ಪ್ರಶ್ನೆಗೆ ಒಂದು ಬಾಲ ಬಂದಿದೆ ಅಷ್ಟೇ. ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಪಂಕ್ತಿಯಿಂದ ನನ್ನ ಹೆಂಡತಿ ಅಂದಳು: "ನಾ ಗೆದ್ರ ಮೀಟಿಂಗಿಗೆ ನಾನ ಹೋಗಾಕಿ. ಇವ್ರನ್ನ ಮನಿ ಕಾಯಾಕ ಇಡ್ತೀನಿ." ಪೆಂಡಾಲೆಲ್ಲ ನಕ್ಕಿತು. ಆ ಗದ್ದಲದಲ್ಲಿ ತುಪ್ಪದವನು ನನ್ನ ಎಲೆ ದಾಟಿ ಹೋದ.

ನನ್ನ ತಕರಾರು ಇಷ್ಟೇ. ನಾನು ಆಗಲೇ ಮೆಂಬರ್. ನೀವೂ ಮೆಂಬರೇ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಸೇರಿದರೆ ಅದೇ ಗ್ರಾಮಸಭೆ ಅಂತ ಸಂವಿಧಾನದ 243ನೇ ವಿಧಿಯಲ್ಲೇ ಇದೆ. 73ನೇ ತಿದ್ದುಪಡಿಯಲ್ಲಿ ಬಂದದ್ದು, 1993ರ ಏಪ್ರಿಲ್ 24ರಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೆ ಒಮ್ಮೆಯಾದರೂ ಈ ಸಭೆ ಸೇರಲೇಬೇಕು ಅನ್ನುತ್ತದೆ. ಸರ್ಕಾರದ ಮನೆ ಯಾರಿಗೆ ಸಿಗಬೇಕು ಅನ್ನೋ ಪಟ್ಟಿ ಅಲ್ಲೇ ಆಗಬೇಕು. ಇದಕ್ಕೆ ಡಿಪಾಜಿಟ್ ಬೇಡ, ಫ್ಲೆಕ್ಸ್ ಬೇಡ, ಗಡಿಯಾರ ಗುರುತು ಬೇಡ. ಸುಮ್ನೆ ಹೋಗಿ ಕೂತರೆ ಸಾಕು. ಆದರೆ ಜನ ಹೋಗಲ್ಲ, ಆಮೇಲೆ ನಡಾವಳಿ ಪುಸ್ತಕವೇ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತದೆ. ಹೋದವನನ್ನು ಹಿಡಿದು ಯಾವಾಗ ನಿಲ್ತಿ ಅಂತ ಕೇಳುತ್ತಾರೆ. ಬಸವ ಜಯಂತಿ ದಿನ ಅನುಭವ ಮಂಟಪದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವವರೂ ಇವರಲ್ಲೇ ಇದ್ದಾರೆ ಬಿಡಿ.

ಮಾಹಿತಿ ಹಕ್ಕಿನದು ಇನ್ನೂ ತಮಾಷೆ. 10 ರೂಪಾಯಿ ಕೊಟ್ಟು, 150 ಪದದೊಳಗೆ ಬರೆದುಕೊಟ್ಟರೆ 30 ದಿನದಲ್ಲಿ ಉತ್ತರ ಬರಬೇಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ ಅಂತ 2005ರ ಕಾಯ್ದೆಯಲ್ಲೇ ಬರೆದಿದ್ದಾರೆ. ಆಫೀಸರು ಕೇಳಬಾರದ ಪ್ರಶ್ನೆಯನ್ನು ಕಟಿಂಗ್ ಅಂಗಡಿಯವನು ಕತ್ತಿ ಕುತ್ತಿಗೆ ಹತ್ತಿರ ಹಿಡಿದುಕೊಂಡು ಕೇಳುತ್ತಾನೆ.

ಹಾಗಂತ ನಿಲ್ಲುವವರನ್ನು ಹಗುರ ಮಾಡುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲೆಕ್ಷನ್‌ಗೆ ನಿಲ್ಲುವುದೇ ಪ್ರಶ್ನೆ ಕೇಳುವ ದಾರಿ ಆಗಿದ್ದೂ ಉಂಟು. 1996ರ ಲೋಕಸಭೆಗೆ ಬೆಳಗಾವಿ ಕ್ಷೇತ್ರ ಒಂದರಿಂದಲೇ 456 ಜನ ನಿಂತಿದ್ದರು. ಅವರಲ್ಲಿ ಬಹಳ ಜನ ಗೆಲ್ಲಲು ಬಂದವರಲ್ಲ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನೋ ಗಡಿ ವಿವಾದದ ಕಡೆ ದಿಲ್ಲಿ ತಿರುಗಿ ನೋಡಲಿ ಅಂತ ನಾಮಪತ್ರ ಹಾಕಿದವರು. ಅವರ ಬೇಡಿಕೆ ನನಗೆ ಒಪ್ಪಿಗೆ ಇಲ್ಲ, ಆ ಜಗಳ ಇಲ್ಲಿ ಬೇಡ. ಆದರೆ ಮುಂದೆ ಆದದ್ದು ನೋಡಿ. ಅದೇ ವರ್ಷ ಕಾಯ್ದೆ ತಿದ್ದಿ ಲೋಕಸಭೆಯ ಡಿಪಾಜಿಟ್ಟನ್ನು 500ರಿಂದ 10,000ಕ್ಕೆ ಏರಿಸಿದರು. ಈಗ 25,000. ಪರಿಶಿಷ್ಟರಿಗೆ ಅದರ ಅರ್ಧ. ಪಕ್ಷೇತರರಿಗೆ ಹತ್ತು ಜನ ಸೂಚಕರೂ ಬೇಕು. ನನ್ನ 10 ರೂಪಾಯಿ ಅರ್ಜಿ ಎಷ್ಟೋ ವಾಸಿ ಅಲ್ವಾ?

ಯಾರಾದರೂ ನನ್ನನ್ನು ಬೇರೆ ಏನಾದರೂ ಕೇಳಬಾರದಾ ಅನಿಸುತ್ತದೆ. ಹೆದರಿಕೆ ಆಗಲ್ವಾ ಅಂತ ಕೇಳಲಿ, ಹೇಳುತ್ತೇನೆ. ಆಗುತ್ತದೆ. ಗೂಂಡಾಗಳ ಹೆದರಿಕೆ ಅಲ್ಲ, ನಮ್ಮ ಊರಲ್ಲಿ ಅಂಥವರಿಲ್ಲ. ಮನೆ ಉತಾರ, ಅಂದರೆ ಮನೆಯ ದಾಖಲೆ ಪತ್ರ, ಬೇಕಾದರೆ ಅದೇ ಪಂಚಾಯ್ತಿ ಬಾಗಿಲಿಗೆ ಹೋಗಬೇಕು. ನಾನು ಮಾತಾಡಿದ ವಾರ ನಮ್ಮ ಓಣಿಗೆ ನಳದ ನೀರು ತಡವಾಗಿ ಬಂದರೆ, ಅದು ಮೋಟರ್ ಕೆಟ್ಟದ್ದಕ್ಕೋ ನನ್ನ ಬಾಯಿಗೋ ಗೊತ್ತಾಗಲ್ಲ. ಪಕ್ಕದ ಮನೆಯವರು ಮಾತ್ರ ನನ್ನ ಬಾಯಿಗೇ ಅಂತ ತೀರ್ಮಾನ ಮಾಡಿರುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಸಂಬಂಧ. ಗಟಾರ ನಮ್ಮ ಓಣಿಯ ಅರ್ಧಕ್ಕೆ ನಿಂತಿದೆ, ಆದ ಕೆಲಸದ ಅಳತೆ ಬರೆದಿಡುವ ಎಂ.ಬಿ. ಪುಸ್ತಕದಲ್ಲಿ ಮಾತ್ರ ಓಣಿಯ ಕೊನೆ ಮುಟ್ಟಿದೆ. ಆ ವಾರ್ಡಿನ ಮೆಂಬರ್ ಅದೇ ನಮ್ಮ ಬೀಗರು. ಬೆಳಿಗ್ಗೆ ಸಭೆಯಲ್ಲಿ ಎದ್ದು ಆ ಪುಸ್ತಕದ ನಕಲು ಓದಿದೆ. ಸಂಜೆ ಅವರ ಮನೆಯಲ್ಲೇ ಕುಬಸ, ಅಂದರೆ ಸೀಮಂತ. ಹೋಗದೆ ಇರೋಕಾಗುತ್ತಾ? ಹೋದೆ. ಅವರೂ ಬಾ ಅಂದರು, ನಾನೂ ಉಂಡೆ. ಗಟಾರದ ಮಾತು ಇಬ್ಬರೂ ಎತ್ತಲಿಲ್ಲ. ಆ ಊಟ ಗಂಟಲಲ್ಲಿ ಇಳಿಸುವುದಕ್ಕೆ ಬೇಕಾದ ಧೈರ್ಯ ಸಭೆಯಲ್ಲಿ ಬೇಕಾಗಿರಲಿಲ್ಲ.

ಮೊನ್ನೆ ಅವರೇ ಫೋನ್ ಮಾಡಿದ್ದರು. "ಈ ಸಲ ಸಭಾದಾಗ ಏನ್ ಕೇಳಾವ್ರಿದ್ದೀರಿ, ಮೊದಲ ಹೇಳ್ರಿ." ಗಟಾರದ್ದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ಇಳಿಸಿ, "ಹಂಗ ನಮ್ಮ ವಾರ್ಡಿನ ಬೀದಿ ಲೈಟಿಂದೂ ಒಂದ್ ಮಾತು ಕೇಳ್ರಿ. ನಾ ಕೇಳಿದ್ರ ಸಾಹೇಬ್ರು ಸಿಟ್ಟಿಗೇಳ್ತಾರ" ಅಂದರು.

ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಗಟಾರ ಮೊದಲು, ಲೈಟು ಆಮೇಲೆ.